ಶಾಲೆಯಿಂದ ಚೀಟಿ ಬಂದಾಗ

(ನಮ್ಮ ಊರಿನ ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳು ಸೇರಿ ನಡೆಸಿದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ವಾರಕ್ಕೊಮ್ಮೆ ಸಿಗುವ ರಜೆಯ ದಿನವನ್ನು ಬಿಟ್ಟುಕೊಟ್ಟು ತಾವು ಇಲ್ಲಿ ಬಂದು ಕುಳಿತಿದ್ದೀರಿ. ಈ ಜಾಗದಲ್ಲಿ ನಾವು ಎಷ್ಟೋ ಸಲ ಕೂಲಿಯ ದರದ ಬಗ್ಗೆ, ಬೋನಸ್ಸಿನ ಬಗ್ಗೆ, ಅಂಗಡಿ ಬಾಡಿಗೆಯ ಬಗ್ಗೆ ಮಾತನಾಡಿದ್ದೇವೆ. ಇಂದಿನ ವಿಷಯ ಬೇರೆ. ಶಾಲೆಗಳಲ್ಲಿ ಆಪ್ತ ಸಮಾಲೋಚನೆ ಎಂದು ಒಂದು ಏರ್ಪಾಡು ಬರುತ್ತಿದೆ. ಅದನ್ನು ತಾಯ್ತಂದೆಯರು ಹೇಗೆ ಕಾಣುತ್ತಾರೆ, ಏಕೆ ಹಾಗೆ ಕಾಣುತ್ತಾರೆ, ನಾವು ಅದನ್ನು ಹೇಗೆ ಕಾಣಬೇಕು ಎಂಬುದನ್ನು ಕುರಿತು ನಾಲ್ಕು ಮಾತು ಹೇಳಲು ನಮ್ಮನ್ನು ಕರೆದಿದ್ದಾರೆ.

ಮೊದಲು ಮಾತಿನ ತೊಡಕನ್ನೇ ಬಿಡಿಸಿಕೊಳ್ಳೋಣ. ಆಪ್ತ ಸಮಾಲೋಚನೆ ಎಂಬುದು ಪುಸ್ತಕದ ಮಾತು. ಜನ ಆಡುವ ಮಾತು ಕೌನ್ಸೆಲಿಂಗ್. ಆದರೆ ನಮ್ಮ ನಾಡಿನಲ್ಲಿ ಕೌನ್ಸೆಲಿಂಗ್ ಎಂದರೆ ಜನರ ಕಣ್ಣಿಗೆ ಕಟ್ಟುವುದು ಏನು? ಸಿ.ಇ.ಟಿ. ಬರೆದ ಹುಡುಗನಿಗೆ ಇಂಜಿನಿಯರಿಂಗ್ ಸೀಟು ಹಂಚುವುದು ಕೌನ್ಸೆಲಿಂಗ್. ಮೇಷ್ಟರಿಗೆ ವರ್ಗಾವಣೆಯ ಊರು ಗೊತ್ತುಮಾಡುವುದು ಕೌನ್ಸೆಲಿಂಗ್. ಗಂಡಹೆಂಡಿರ ವ್ಯಾಜ್ಯ ಕೋರ್ಟಿಗೆ ಹೋದರೆ ಅಲ್ಲಿಯೂ ಕೌನ್ಸೆಲಿಂಗ್. ಹೀಗಿರುವಲ್ಲಿ ಎಂಟನೆಯ ತರಗತಿಯ ಮಗುವಿಗೆ ಕೌನ್ಸೆಲಿಂಗ್ ಎಂದರೆ ತಾಯಿಗೆ ದಿಗಿಲಾಗುವುದರಲ್ಲಿ ಆಶ್ಚರ್ಯವೇನು?

ನಮಗೆ ಪರಿಚಯದ ಒಬ್ಬ ಗೆಳೆಯರು ಎಣ್ಣೆ ಗಿರಣಿಯಲ್ಲಿ ದುಡಿಯುತ್ತಾರೆ. ಅವರ ಮಗಳು ಓದುವ ಶಾಲೆಯಿಂದ ಒಂದು ದಿನ ಚೀಟಿ ಬಂತು: ‘ಪಾಲಕರು ಶಾಲೆಗೆ ಬಂದು ಕಾಣತಕ್ಕದ್ದು’. ಕಾರಣ ಬರೆದಿರಲಿಲ್ಲ. ಅವರು ಅರ್ಧ ದಿನದ ಕೂಲಿ ಬಿಟ್ಟು, ಒಗೆದ ಅಂಗಿ ಹಾಕಿಕೊಂಡು ಹೋದರು. ಅಲ್ಲಿ ವಾರಕ್ಕೆ ಎರಡು ದಿನ ಬರುವ ಸಮಾಲೋಚಕಿ ಇವರನ್ನು ಕೂರಲು ಹೇಳಿದರು. ಇವರು ಕೂರಲಿಲ್ಲ. ನಿಂತೇ ಕೇಳಿದ ಮೊದಲ ಮಾತು: “ಮೇಡಮ್ಮೋರೆ, ಏನು ತಪ್ಪು ಮಾಡಿದ್ಲು? ಟಿ.ಸಿ. ಕೊಡ್ತೀರೇನ್ರಿ?”

ಬಂಧುಗಳೆ, ಈ ಪ್ರಶ್ನೆಯನ್ನು ಕೇಳಿ ನಗುವುದು ಸುಲಭ. ಓದಿದವರು ಅನೇಕರು ನಗುತ್ತಾರೆ. ‘ಇವರಿಗೆ ತಿಳುವಳಿಕೆ ಇಲ್ಲ, ಇವರ ಸಂಸ್ಕೃತಿಯೇ ಹೀಗೆ’ ಎನ್ನುತ್ತಾರೆ. ನಾವು ಹೇಳುವುದು ಬೇರೆ. ಆ ಪ್ರಶ್ನೆ ಅಜ್ಞಾನದಿಂದ ಹುಟ್ಟಿದ್ದಲ್ಲ, ಅನುಭವದಿಂದ ಹುಟ್ಟಿದ್ದು. ಬಡವನನ್ನು ಕಚೇರಿಗೆ ಕರೆಸಿದರೆ ಕರೆಸಿದ್ದು ಒಳ್ಳೆಯದಕ್ಕಲ್ಲ ಎಂಬುದನ್ನು ಅವನು ತಲೆಮಾರುಗಳಿಂದ ಕಲಿತಿದ್ದಾನೆ. ಪೊಲೀಸ್ ಠಾಣೆಯಿಂದ ಕರೆ ಬಂದರೂ, ಬ್ಯಾಂಕಿನಿಂದ ನೋಟೀಸು ಬಂದರೂ, ಗಿರಣಿಯ ಆಫೀಸಿಗೆ ಹೇಳಿ ಕಳಿಸಿದರೂ ಅದರ ಅರ್ಥ ಒಂದೇ ಆಗಿರುತ್ತದೆ. ಶಾಲೆಯ ಚೀಟಿ ಮಾತ್ರ ಬೇರೆ ಎಂದು ಅವನು ಏಕೆ ನಂಬಬೇಕು?

ಈ ಭಯ ನಮ್ಮ ಊರಿನದಷ್ಟೇ ಅಲ್ಲ. ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ಜನಾಂಗದ ತಾಯ್ತಂದೆಯರು ಇದೇ ಪ್ರಶ್ನೆಯನ್ನು ತಮ್ಮ ತಮ್ಮ ಭಾಷೆಯಲ್ಲಿ ಕೇಳಿದ್ದಾರೆ. ಅದನ್ನು ಸ್ವಲ್ಪ ನೋಡೋಣ.

ಈ ಏರ್ಪಾಡು ಹುಟ್ಟಿದ್ದು ಅಮೆರಿಕದಲ್ಲಿ. ಬಾಸ್ಟನ್ ನಗರದ ಉತ್ತರದ ಕೇರಿಯಲ್ಲಿ ಇಟಲಿಯಿಂದ, ರಷ್ಯಾದಿಂದ ಹೊಟ್ಟೆಪಾಡಿಗಾಗಿ ಬಂದ ಜನ ತುಂಬಿಕೊಂಡಿದ್ದರು. ಅವರ ಮಕ್ಕಳು ಶಾಲೆ ಬಿಟ್ಟ ಮರುದಿನವೇ ಸಿಕ್ಕ ಕಾರ್ಖಾನೆಗೆ ಸೇರಿ, ಕೆಲಸ ಹೋದರೆ ಬೀದಿಗೆ ಬೀಳುತ್ತಿದ್ದರು. ಆ ಕೇರಿಯ ಒಂದು ಸೇವಾಸದನದಲ್ಲಿ 1908ರಲ್ಲಿ ಫ್ರಾಂಕ್ ಪಾರ್ಸನ್ಸ್ ಎಂಬವರು ಉದ್ಯೋಗ ಸಲಹೆಯ ಕೇಂದ್ರವೊಂದನ್ನು ತೆರೆದರು. ಇವರು ಇಂಜಿನಿಯರಿಂಗ್ ಓದಿಯೂ ಕೆಲಸ ಕಳೆದುಕೊಂಡು ಕಬ್ಬಿಣದ ಗಿರಣಿಯಲ್ಲಿ ಕೂಲಿ ಮಾಡಿದವರು. ನಗರದ ಸಾರ್ವಜನಿಕ ಸೇವೆಗಳು ಜನರ ಒಡೆತನದಲ್ಲಿರಬೇಕೆಂದು ವಾದಿಸಿದವರು. ಮಗುವಿನ ಒಲವು ಯಾವುದು, ಶಕ್ತಿ ಯಾವುದು, ಲೋಕದಲ್ಲಿರುವ ಕೆಲಸಗಳು ಯಾವುವು, ಇವೆರಡನ್ನೂ ಮಗುವಿನೊಡನೆ ಕುಳಿತು ತೂಗಿ ನೋಡಬೇಕು ಎಂಬುದು ಅವರ ಮಾರ್ಗ. ಅದೇ ವರ್ಷ ಅವರು ತೀರಿಕೊಂಡರು. ಅವರ ಪುಸ್ತಕ 1909ರಲ್ಲಿ ಹೊರಬಂತು. ಶ್ರೀಮಂತರ ಮಕ್ಕಳಿಗಾಗಿ ಅಲ್ಲ, ದುಡಿಯುವವರ ಮಕ್ಕಳಿಗಾಗಿ ಈ ಬೀಜವನ್ನು ಬಿತ್ತಿದ್ದು ಎಂಬುದನ್ನು ನಾವು ಮರೆಯಬಾರದು.

ಆದರೆ ಗಿಡ ಬೆಳೆದ ಮೇಲೆ ಅದರ ನೆರಳು ಯಾರಿಗೆ ಸಿಕ್ಕಿತು? 1957ರಲ್ಲಿ ರಷ್ಯನ್ನರು ಸ್ಪುಟ್ನಿಕ್ ಹಾರಿಸಿದರು. ಅಮೆರಿಕದ ಸರಕಾರ ಎಚ್ಚೆತ್ತು 1958ರಲ್ಲಿ ರಾಷ್ಟ್ರರಕ್ಷಣಾ ಶಿಕ್ಷಣ ಕಾಯಿದೆ ಮಾಡಿತು. ಅದರ ಹಣದಿಂದ ಶಾಲೆಗಳಲ್ಲಿ ಸಲಹೆಗಾರರ ಸಂಖ್ಯೆ ಹೆಚ್ಚಿತು. ಏತಕ್ಕಾಗಿ? ಜಾಣ ಮಕ್ಕಳನ್ನು ಆರಿಸಿ ವಿಜ್ಞಾನಕ್ಕೆ ಕಳಿಸುವುದಕ್ಕಾಗಿ. ಆರಿಸುವುದೆಂದರೆ ಕೆಲವರನ್ನು ಬಿಡುವುದೂ ಹೌದಲ್ಲವೆ? 1963ರಲ್ಲಿ ಸಿಕೊರೆಲ್ ಮತ್ತು ಕಿಟ್ಸೂಸೆ ಎಂಬ ಇಬ್ಬರು ವಿದ್ವಾಂಸರು ಒಂದು ಪ್ರೌಢಶಾಲೆಯನ್ನು ಹತ್ತಿರದಿಂದ ನೋಡಿ ಪುಸ್ತಕ ಬರೆದರು. ಯಾವ ಮಗು ಕಾಲೇಜಿನ ದಾರಿ, ಯಾವ ಮಗು ಅಲ್ಲ ಎಂದು ಸಲಹೆಗಾರರು ತೀರ್ಮಾನಿಸುವಾಗ ಅಂಕಗಳ ಜೊತೆಗೆ ಮನೆಯ ಅಂತಸ್ತೂ ತಕ್ಕಡಿಗೆ ಬೀಳುತ್ತದೆ ಎಂಬುದನ್ನು ಅವರು ತೋರಿಸಿದರು. ಬಡವರ ಮಗುವಿಗೆ ‘ನಿನಗೆ ಕೈಕೆಲಸವೇ ಸರಿ’ ಎಂಬ ಸಲಹೆ ಸಿಕ್ಕರೆ ಅದು ಸಲಹೆಯೇ, ಬೇಲಿಯೇ?

ಲಂಡನ್ ನಗರಕ್ಕೆ ಬನ್ನಿ. ಎರಡನೆಯ ಮಹಾಯುದ್ಧದ ನಂತರ ವೆಸ್ಟ್ ಇಂಡೀಸ್ ದ್ವೀಪಗಳಿಂದ ಕಪ್ಪು ಜನ ಬ್ರಿಟನ್ನಿಗೆ ದುಡಿಯಲು ಬಂದರು. ಬಸ್ಸು ಓಡಿಸಿದರು, ಆಸ್ಪತ್ರೆಯಲ್ಲಿ ದಾದಿಯರಾದರು. ತಮ್ಮ ಮಕ್ಕಳು ಓದಿ ಮುಂದೆ ಬರುತ್ತಾರೆಂದು ಅವರಿಗೆ ಶಾಲೆಯ ಮೇಲೆ ಅಪಾರ ನಂಬಿಕೆ. ಶಾಲೆಯವರು ಪರೀಕ್ಷೆ ಮಾಡಿ, ‘ನಿಮ್ಮ ಮಗುವಿಗೆ ವಿಶೇಷ ಶಾಲೆ ಬೇಕು’ ಎಂದರು. ವಿಶೇಷ ಎಂದರೆ ಹೆಚ್ಚಿನ ಸಹಾಯವೆಂದು ನಂಬಿ ಅನೇಕರು ಒಪ್ಪಿದರು. ಅದು ಮಂದಬುದ್ಧಿಯವರೆಂದು ಹಣೆಪಟ್ಟಿ ಹಚ್ಚಿದ ಮಕ್ಕಳ ಶಾಲೆ! ಗ್ರೆನಡಾ ದ್ವೀಪದಿಂದ ಬಂದು ಲಂಡನ್ನಿನಲ್ಲಿ ಪಾಠ ಹೇಳುತ್ತಿದ್ದ ಬರ್ನಾರ್ಡ್ ಕೋರ್ಡ್ ಎಂಬ ಉಪಾಧ್ಯಾಯರು 1971ರಲ್ಲಿ ಒಂದು ಕಿರುಹೊತ್ತಿಗೆ ಬರೆದು ಈ ಅನ್ಯಾಯವನ್ನು ಬಯಲಿಗೆಳೆದರು. ಪಾಲಕರು ಸುಮ್ಮನೆ ಕೂರಲಿಲ್ಲ. ತಾವೇ ಸೇರಿ ಶನಿವಾರದ ಶಾಲೆಗಳನ್ನು ನಡೆಸಿ ಮಕ್ಕಳಿಗೆ ಪಾಠ ಹೇಳಿಸಿದರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿಯೂ ಕಪ್ಪು ಮಕ್ಕಳ ತಾಯ್ತಂದೆಯರು ಕೋರ್ಟಿಗೆ ಹೋದರು. ಬುದ್ಧಿಮತ್ತೆಯ ಪರೀಕ್ಷೆಯ ಹೆಸರಿನಲ್ಲಿ ತಮ್ಮ ಮಕ್ಕಳನ್ನು ಮಂದಮತಿಗಳ ತರಗತಿಗೆ ತಳ್ಳುತ್ತಾರೆಂದು ದಾವೆ ಹೂಡಿ, 1979ರಲ್ಲಿ ಗೆದ್ದರು.

ಇನ್ನು ಕೆನಡಾ. ಅಲ್ಲಿನ ಮೂಲನಿವಾಸಿ ಜನರ ಸುಮಾರು 1,50,000 ಮಕ್ಕಳನ್ನು ನೂರಕ್ಕೂ ಹೆಚ್ಚು ವರ್ಷಗಳ ಕಾಲ ವಸತಿ ಶಾಲೆಗಳಲ್ಲಿ ಇಡಲಾಯಿತು. ತಾಯಿಯ ಮಡಿಲಿನಿಂದ ಬಿಡಿಸಿ, ತಾಯಿಭಾಷೆ ಆಡಿದರೆ ಶಿಕ್ಷಿಸಿದರು. ಸಾವಿರಾರು ಮಕ್ಕಳು ಮನೆಗೆ ಮರಳಲೇ ಇಲ್ಲ. ‘ಮಗುವಿನ ಒಳ್ಳೆಯದಕ್ಕಾಗಿ’ ಎಂಬುದೇ ಅಂದಿನ ಅಧಿಕಾರಿಗಳ ಮಾತಾಗಿತ್ತು. 2008ರಲ್ಲಿ ಆ ದೇಶದ ಪ್ರಧಾನಿ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದರು. ಆ ಮನೆತನಗಳ ಅಜ್ಜಿಗೆ ಇಂದು ಶಾಲೆಯಿಂದ ಯಾರೋ ಬಂದು ‘ನಿಮ್ಮ ಮೊಮ್ಮಗುವಿನ ಮನಸ್ಸಿನ ವಿಷಯ ಮಾತಾಡಬೇಕು’ ಎಂದರೆ ಆಕೆ ಬಾಗಿಲು ಹಾಕಿಕೊಂಡರೆ ಅದನ್ನು ಮೂಢತನ ಎನ್ನುವ ಧೈರ್ಯ ಯಾರಿಗಿದೆ?

ಆದುದರಿಂದ ನಾವು ಹೇಳುವುದು ಇಷ್ಟು. ಪಾಲಕರ ಅನುಮಾನಕ್ಕೆ ಇತಿಹಾಸವಿದೆ. ‘ನನ್ನ ಮಗುವಿನ ಬಗ್ಗೆ ಇವರು ಏನು ಬರೆದಿಡುತ್ತಾರೆ? ಆ ಬರಹ ಯಾರ ಕೈಗೆ ಹೋಗುತ್ತದೆ?’ ಎಂಬುದು ಎಲ್ಲ ದೇಶದ ಬಡವರ ಪ್ರಶ್ನೆ.

ಭಯದ ಮಾತು ಇದಾಯಿತು. ಭಯವಲ್ಲದೆ ಬೇರೆ ಕಾರಣಗಳೂ ಇವೆ. ಮಗುವನ್ನು ಬೆಳೆಸುವುದು ಯಾರ ಕೆಲಸ ಎಂಬ ವಿಚಾರದಲ್ಲಿ ಒಂದೊಂದು ಜನ ಒಂದೊಂದು ರೀತಿ.

ಮೆಕ್ಸಿಕೋದಿಂದ ಅಮೆರಿಕಕ್ಕೆ ದುಡಿಯಲು ಹೋದ ಜನರ ಭಾಷೆ ಸ್ಪ್ಯಾನಿಷ್. ಅದರಲ್ಲಿ ಎದುಕಾಸಿಯೋನ್ ಎಂಬ ಮಾತಿದೆ. ಅದಕ್ಕೆ ಬರೀ ಓದುಬರಹ ಎಂದು ಅರ್ಥವಲ್ಲ. ಹಿರಿಯರಿಗೆ ಮರ್ಯಾದೆ, ನಡೆನುಡಿ, ಒಳ್ಳೆಯತನ ಎಲ್ಲ ಅದರಲ್ಲಿ ಸೇರಿದೆ. ನಾವು ಸಂಸ್ಕಾರ ಎನ್ನುತ್ತೇವಲ್ಲ, ಹೆಚ್ಚು ಕಡಿಮೆ ಅದೇ. ಪಾಠ ಮೇಷ್ಟರದು, ಸಂಸ್ಕಾರ ಮನೆಯದು ಎಂದು ಅವರ ಎಣಿಕೆ. ಆದ್ದರಿಂದ ಮಗುವಿನ ಮನಸ್ಸನ್ನು ತಿದ್ದಲು ಶಾಲೆಯವರು ಬಂದರೆ ‘ಮನೆಯಲ್ಲಿ ಸರಿಯಾಗಿ ಬೆಳೆಸಿಲ್ಲ’ ಎಂದು ಹೇಳಿದಂತೆಯೇ ಅವರಿಗೆ ಕೇಳಿಸುತ್ತದೆ. ಅದಲ್ಲದೆ ಗುರುಗಳ ಎದುರು ಎದುರಾಡಬಾರದೆಂದು ಅವರು ಸುಮ್ಮನೆ ಕೂರುತ್ತಾರೆ. ಶಾಲೆಯವರು ಆ ಮೌನವನ್ನು ನೋಡಿ ‘ಈ ತಾಯ್ತಂದೆಯರಿಗೆ ಮಗುವಿನ ಚಿಂತೆಯೇ ಇಲ್ಲ’ ಎಂದುಕೊಳ್ಳುತ್ತಾರೆ. ಮರ್ಯಾದೆ ಕೊಟ್ಟದ್ದೇ ತಪ್ಪಾಯಿತು!

ಚೀನೀಯರಲ್ಲಿ ಮನೆಯ ಕೊಳಕನ್ನು ಹೊರಗೆ ಹರಡಬಾರದೆಂಬ ಗಾದೆಯಿದೆ. ಮನೆಯ ಗುಟ್ಟು ರಟ್ಟಾಗಬಾರದು ಎಂದು ನಾವೂ ಹೇಳುತ್ತೇವೆ. ಬ್ರಿಟನ್, ಅಮೆರಿಕಗಳಿಗೆ ಹೋಗಿ ನೆಲೆಸಿದ ನಮ್ಮ ಭಾರತೀಯರು ಇಂಗ್ಲಿಷ್ ಕಲಿತರೂ, ಮನೆ ಕೊಂಡರೂ, ‘ನಾಲ್ಕು ಜನ ಏನೆಂದಾರು’ ಎಂಬುದನ್ನು ಮಾತ್ರ ಪೆಟ್ಟಿಗೆಯಲ್ಲಿಟ್ಟುಕೊಂಡೇ ವಿಮಾನ ಹತ್ತಿದ್ದಾರೆ. ಮಗಳು ಮನಸ್ಸಿನ ವಿಷಯಕ್ಕೆ ಯಾರನ್ನೋ ಕಂಡಳೆಂದು ಗೊತ್ತಾದರೆ ಮುಂದೆ ಸಂಬಂಧ ಬರುವುದಿಲ್ಲವೆಂಬ ಅಂಜಿಕೆ ಲಂಡನ್ನಿನಲ್ಲಿಯೂ ಇದೆ, ನಮ್ಮ ಊರಿನ ಪೇಟೆ ಬೀದಿಯಲ್ಲಿಯೂ ಇದೆ.

ಜಪಾನಿನಲ್ಲಿ ಇನ್ನೊಂದು ರೀತಿ. ಅಲ್ಲಿ ತರಗತಿಯ ಮೇಷ್ಟರೇ ಮಗುವಿನ ಮನೆಗೆ ಹೋಗಿ ತಾಯ್ತಂದೆಯರನ್ನು ಕಂಡು ಬರುವ ಸಂಪ್ರದಾಯ ಬಹುಕಾಲ ನಡೆದು ಬಂದಿದೆ. ಆದರೂ ಸಹಪಾಠಿಗಳ ಹಿಂಸೆ ತಾಳಲಾರದೆ ಮಕ್ಕಳು ಪ್ರಾಣ ಕಳೆದುಕೊಂಡ ಪ್ರಕರಣಗಳು ನಡೆದು ದೇಶವೇ ತಲ್ಲಣಿಸಿತು. 1995ರಲ್ಲಿ ಸರಕಾರ ಶಾಲೆಗಳಿಗೆ ಸಮಾಲೋಚಕರನ್ನು ಕಳಿಸತೊಡಗಿತು. ಅವರಿಗೂ ಇದಕ್ಕೆ ತಮ್ಮದೇ ಮಾತು ಸಿಕ್ಕದೆ ಇಂಗ್ಲಿಷಿನ ಹೆಸರನ್ನೇ ಇಟ್ಟುಕೊಂಡಿದ್ದಾರೆ! ಮೇಷ್ಟರು ಒಳ್ಳೆಯವರಾದರೂ ಅಂಕ ಕೊಡುವವರು. ಅಂಕ ಕೊಡದವರೊಬ್ಬರು ಮಗುವಿಗೆ ಬೇಕಾಗುತ್ತಾರೆ ಎಂಬುದನ್ನು ಜಪಾನು ಪ್ರಾಣ ತೆತ್ತು ಕಲಿಯಿತು.

ಇನ್ನು ನಮ್ಮ ಊರಿಗೆ ಬರೋಣ. ಇದು ಒಂದೇ ಭಾಷೆಯ ಊರಲ್ಲ. ಗಿರಣಿಯ ಕೇರಿಯಲ್ಲಿ ಉರ್ದು ಮನೆಮಾತಿನವರಿದ್ದಾರೆ, ತೆಲುಗಿನವರಿದ್ದಾರೆ. ಸುತ್ತಲಿನ ತಾಂಡಾಗಳಿಂದ ಬಂದ ಲಂಬಾಣಿಗರಿದ್ದಾರೆ. ಪೇಟೆಯಲ್ಲಿ ಮಾರವಾಡಿ ಅಂಗಡಿಗಳಿವೆ. ಈಚೆಗೆ ಬಿಹಾರ, ಒಡಿಶಾಗಳಿಂದ ಬಂದ ಕೂಲಿಕಾರರ ಮಕ್ಕಳೂ ನಮ್ಮ ಶಾಲೆಗಳಲ್ಲಿ ಕುಳಿತಿದ್ದಾರೆ.

ಕಬ್ಬು ಕಡಿಯಲು ತಿಂಗಳುಗಟ್ಟಲೆ ಹೊರಗೆ ಹೋಗುವ ತಾಂಡಾದ ತಾಯ್ತಂದೆಯರು ಮಗುವನ್ನು ಅಜ್ಜಿಯ ಬಳಿ ಬಿಟ್ಟು ಹೋಗುತ್ತಾರೆ. ಶಾಲೆಯ ಚೀಟಿ ಅಜ್ಜಿಯ ಸೆರಗಿನ ಗಂಟಿನಲ್ಲಿಯೇ ಉಳಿಯುತ್ತದೆ. ಬಿಹಾರದಿಂದ ಬಂದವನಿಗೆ ಶಾಲೆ ಕರೆದರೆ ಕಾಗದಪತ್ರ ಕೇಳುತ್ತಾರೆಂಬ ಹೆದರಿಕೆ. ಉರ್ದು ಮಾತಿನ ತಾಯಿ ಹೇಳಿದ್ದು: “ಮನಸ್ಸಿನ ಮಾತು ಮನೆಮಾತಿನಲ್ಲೇ ಬರೋದು ಭಾಯಿ, ಕನ್ನಡದಲ್ಲಿ ನಾನು ಸೊಪ್ಪು ಕೊಳ್ಳಬಲ್ಲೆ, ಅಳಲಾರೆ.” ಪೇಟೆಯ ವ್ಯಾಪಾರಿ ಮಿತ್ರರೊಬ್ಬರು ಕೇಳಿದ್ದು: “ಅವರು ಯಾವ ಕೋರ್ಸಿಗೆ ಸೇರಿಸಬೇಕು ಅಂತ ಹೇಳಿದರೆ ಸಾಕಲ್ಲ ಸ್ವಾಮಿ, ಮನೆ ವಿಷಯ ಏಕೆ ಕೇಳಬೇಕು? ಮಾರ್ಕೆಟ್ಟಿನಲ್ಲಿ ಹೆಸರು ಹೋದರೆ ಸಾಲ ಕೊಡೋರು ಯಾರು?” ಮತ್ತೆ ಕೆಲವರು ಮಠಕ್ಕೆ, ದರ್ಗಾಕ್ಕೆ ಹೋಗಿ ತಾಯಿತ ಕಟ್ಟಿಸುತ್ತಾರೆ. ಅಲ್ಲಿ ಅವರ ಮಾತನ್ನು ಕೇಳುವ ಒಬ್ಬ ಹಿರಿಯರಾದರೂ ಇರುತ್ತಾರೆ, ‘ಫೈಲಿನಲ್ಲಿ ಬರೆದುಕೊಳ್ಳುತ್ತೇನೆ’ ಎನ್ನುವುದಿಲ್ಲ.

ಇದನ್ನೆಲ್ಲ ನೋಡಿ ‘ಆ ಜಾತಿಯವರೇ ಹಾಗೆ, ಈ ಮತದವರೇ ಹೀಗೆ’ ಎಂದು ಪಟ್ಟಿ ಮಾಡುವವರಿದ್ದಾರೆ. ಅದು ಸುಳ್ಳು. ಒಂದೇ ಕೇರಿಯ, ಒಂದೇ ಜಾತಿಯ ಎರಡು ಮನೆಗಳಲ್ಲಿ ಎರಡು ಅಭಿಪ್ರಾಯ ಇರುತ್ತದೆ. ಒಮ್ಮೆ ಶಾಲೆಯಲ್ಲಿ ಮರ್ಯಾದೆ ಸಿಕ್ಕ ತಾಯಿ ಎರಡನೆಯ ಸಲ ತಾನಾಗಿ ಹೋಗುತ್ತಾಳೆ. ಒಮ್ಮೆ ಅವಮಾನವಾದ ತಂದೆ ಮತ್ತೆ ಆ ಗೇಟು ದಾಟುವುದಿಲ್ಲ. ಸಂಸ್ಕೃತಿ ಎಂದು ಕರೆಯುವುದರಲ್ಲಿ ಮುಕ್ಕಾಲು ಪಾಲು ಈ ಹಳೆಯ ಅನುಭವವೇ ಇರುತ್ತದೆ.

ಹಾಗಾದರೆ ಅನುಮಾನಪಟ್ಟು ಮನೆಯಲ್ಲಿ ಕೂರೋಣವೆ? ಬಂಧುಗಳೆ, ಇಲ್ಲಿ ನಾವು ನಮ್ಮದೇ ಮನೆಯ ಮಾತು ಹೇಳಬೇಕಾಗಿದೆ. ಹೇಳಲು ನಾಚಿಕೆಯಾಗುತ್ತದೆ.

ಹಲವು ವರ್ಷಗಳ ಹಿಂದೆ ನಮ್ಮ ಮಗ ಒಂಬತ್ತನೆಯ ತರಗತಿಯಲ್ಲಿದ್ದಾಗ ಅವನ ಟೀಚರೊಬ್ಬರು ಚೀಟಿ ಕಳಿಸಿದ್ದರು. ‘ಹುಡುಗ ಮಂಕಾಗಿದ್ದಾನೆ, ಒಮ್ಮೆ ಬಂದು ಮಾತಾಡಿ’ ಎಂದು. ನಾವು ಅದನ್ನು ಓದಿ ಅಂಗಿಯ ಜೇಬಿಗೆ ಹಾಕಿಕೊಂಡೆವು. ಆ ವಾರ ಕೂಲಿಯ ಮಾತುಕತೆ ನಡೆದಿತ್ತು, ದಿನವೂ ಸಭೆ. ಊರಿನವರ ಅಹವಾಲು ಕೇಳುವ ನಮಗೆ ನಮ್ಮ ಮಗನಿಗೆ ಬುದ್ಧಿ ಹೇಳಲು ಹೊರಗಿನವರು ಬೇಕೆ ಎಂಬ ಜಂಬ ಬೇರೆ. ರಾತ್ರಿ ಅವನನ್ನು ಎಬ್ಬಿಸಿ ಕೂರಿಸಿ, “ಏನೋ ನಿನಗೆ ಕಡಿಮೆಯಾಗಿದ್ದು?” ಎಂದು ಗದರಿದೆವು. ಅವನು ಏನೂ ಇಲ್ಲ ಎಂದ. ಅಷ್ಟಕ್ಕೆ ಮುಗಿಸಿದೆವು. ಅರ್ಧವಾರ್ಷಿಕ ಪರೀಕ್ಷೆಯ ಫಲಿತಾಂಶದ ದಿನ ಹುಡುಗ ಮನೆಗೆ ಬರಲಿಲ್ಲ. ಅವನ ತಾಯಿ ಎರಡು ರಾತ್ರಿ ಹೊಸ್ತಿಲ ಮೇಲೆ ಕುಳಿತಿದ್ದರು. ಮೂರನೆಯ ದಿನ ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಸಿಕ್ಕಿದ. ಯಾರೋ ಪುಣ್ಯಾತ್ಮರು ಚಹಾ ಕೊಡಿಸಿ ಊರು ಕೇಳಿ ಸುದ್ದಿ ಮುಟ್ಟಿಸಿದ್ದರು.

ಇಂದು ಅವನು ದುಡಿದು ಸಂಸಾರ ನಡೆಸುತ್ತಿದ್ದಾನೆ. ಒಮ್ಮೆ ಮಾತಿಗೆ ಮಾತು ಬಂದು ಅವನು ಹೇಳಿದ: “ಅಪ್ಪಾ, ಆ ಟೀಚರು ‘ನಿನಗೆ ಏನಾಗ್ತಿದೆ’ ಅಂತ ಕೇಳಿದ್ರು. ನೀವು ‘ನಿನಗೆ ಏನು ಕಡಿಮೆಯಾಗಿದೆ’ ಅಂತ ಕೇಳಿದ್ರಿ.” ಆ ಎರಡು ಪ್ರಶ್ನೆಗಳ ನಡುವಿನ ಅಂತರ ನಮಗೆ ತಿಳಿಯಲು ಅಷ್ಟು ವರ್ಷ ಬೇಕಾಯಿತು. ನಮ್ಮ ಅದೃಷ್ಟ, ಮಗ ಸಿಕ್ಕಿದ. ಎಲ್ಲರಿಗೂ ಸಿಕ್ಕುವುದಿಲ್ಲ.

2022ನೆಯ ಇಸವಿಯೊಂದರಲ್ಲಿಯೇ ನಮ್ಮ ದೇಶದಲ್ಲಿ 13,044 ವಿದ್ಯಾರ್ಥಿಗಳು ತಾವಾಗಿ ಪ್ರಾಣ ಕಳೆದುಕೊಂಡರು. ಇದು ಸರಕಾರದ ಅಪರಾಧ ದಾಖಲೆಗಳ ಬ್ಯೂರೋ ಕೊಟ್ಟ ಲೆಕ್ಕ. ಅದೇ ವರ್ಷ 2,248 ಸಾವುಗಳಿಗೆ ಪರೀಕ್ಷೆಯಲ್ಲಿ ನಪಾಸಾದದ್ದೇ ಕಾರಣವೆಂದು ಬರೆದಿದ್ದಾರೆ. ಇವರು ಯಾರ ಮಕ್ಕಳು? ನಮ್ಮ ನಿಮ್ಮಂಥವರ ಮಕ್ಕಳು.

ಸರಕಾರಗಳಿಗೆ ಇದು ಗೊತ್ತಿರಲಿಲ್ಲವೆ? ಗೊತ್ತಿತ್ತು. 1952-53ರ ಮೊದಲಿಯಾರ್ ಆಯೋಗ ಪ್ರೌಢಶಾಲೆಗಳಲ್ಲಿ ಮಾರ್ಗದರ್ಶನದ ಏರ್ಪಾಡು ಬೇಕೆಂದಿತು. 1964-66ರ ಕೊಠಾರಿ ಆಯೋಗ, ಕನಿಷ್ಠ ಹತ್ತು ಶಾಲೆಗಳಿಗೆ ಒಬ್ಬರಾದರೂ ಸಂಚಾರಿ ಸಮಾಲೋಚಕರಿರಲಿ ಎಂದಿತು. ವರದಿಗಳು ಬೀರು ಸೇರಿದವು. ಹಣವುಳ್ಳವರ ಶಾಲೆಗಳಲ್ಲಿ ಬಣ್ಣದ ಕೋಣೆ, ಮೆತ್ತನೆ ಕುರ್ಚಿ, ಸಮಾಲೋಚಕರು ಎಲ್ಲ ಬಂದರು. ಸರಕಾರಿ ಶಾಲೆಯಲ್ಲಿ ಬಿಸಿಯೂಟದ ಲೆಕ್ಕ, ಜನಗಣತಿ, ಚುನಾವಣೆ ಎಲ್ಲವನ್ನೂ ಹೊತ್ತ ಮೇಷ್ಟರ ತಲೆಯ ಮೇಲೆಯೇ ಇದೂ ಬಿತ್ತು.

ಕೊನೆಗೆ ವಿಶಾಖಪಟ್ಟಣದಲ್ಲಿ ಓದುತ್ತಿದ್ದ ಒಬ್ಬ ಹುಡುಗಿಯನ್ನು ಕಳೆದುಕೊಂಡ ತಂದೆ ಸುಪ್ರೀಂ ಕೋರ್ಟಿನವರೆಗೆ ಹೋದರು. 2025ರ ಜುಲೈ 25ರಂದು ಕೋರ್ಟು ತೀರ್ಪು ಕೊಟ್ಟು ದೇಶಕ್ಕೆಲ್ಲ ನಿರ್ದೇಶನಗಳನ್ನು ನೀಡಿತು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿಯೊಂದು ವಿದ್ಯಾಸಂಸ್ಥೆಯಲ್ಲಿಯೂ ತರಬೇತಿ ಪಡೆದ ಸಮಾಲೋಚಕರೊಬ್ಬರಾದರೂ ಇರಬೇಕು. ಅದಕ್ಕಿಂತ ಚಿಕ್ಕವು ಹೊರಗಿನ ತಜ್ಞರೊಡನೆ ಸಂಪರ್ಕ ಇಟ್ಟುಕೊಳ್ಳಬೇಕು. ಅಂಕಗಳ ಮೇಲೆ ಮಕ್ಕಳನ್ನು ಬೇರೆ ಬೇರೆ ಗುಂಪು ಮಾಡಿ ಕೂರಿಸಬಾರದು, ಜನರೆದುರು ಹೀಯಾಳಿಸಬಾರದು. ಪಾಲಕರಿಗೂ ಈ ವಿಷಯದಲ್ಲಿ ತಿಳುವಳಿಕೆ ಕೊಡಬೇಕು. ಈ ತೀರ್ಪು ನಮ್ಮ ಕೈಗೆ ಬಂದಿರುವ ಒಂದು ಆಯುಧ. ಆಯುಧ ಗೋಡೆಯ ಮೇಲಿದ್ದರೆ ಪ್ರಯೋಜನವಿಲ್ಲ.

ಆದರೆ ಸಮಾಲೋಚಕರು ಬಂದು ಮಾಡಬೇಕಾದುದು ಏನು? ಆಗಲೆ ಹೇಳಿದ ಗೆಳೆಯರ ಮಗಳ ಕತೆಯನ್ನು ಮುಗಿಸುತ್ತೇವೆ. ಹುಡುಗಿ ಕೆಲವು ವಾರಗಳಿಂದ ಮಧ್ಯಾಹ್ನ ಊಟ ಮಾಡುತ್ತಿರಲಿಲ್ಲ, ಯಾರೊಡನೆಯೂ ಮಾತಿಲ್ಲ. ಸಮಾಲೋಚಕಿ ನಿಧಾನವಾಗಿ ಕೇಳಿದಾಗ ವಿಷಯ ಹೊರಬಿತ್ತು. ಫೀಜು ಬಾಕಿ ಇದ್ದ ಮಕ್ಕಳ ಹೆಸರನ್ನು ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಎಲ್ಲರ ಮುಂದೆ ಓದುತ್ತಿದ್ದರು. ಈ ಹುಡುಗಿಯ ಹೆಸರು ಮೂರು ಸಲ ಬಂದಿತ್ತು.

ಒಬ್ಬ ಕೆಟ್ಟ ಸಲಹೆಗಾರರಾಗಿದ್ದರೆ ಆ ಮಗುವಿಗೆ ಏನು ಹೇಳುತ್ತಿದ್ದರು? ‘ತಾಳ್ಮೆ ತಂದುಕೋ, ಉಸಿರನ್ನು ದೀರ್ಘವಾಗಿ ಎಳೆದುಕೋ, ಮನಸ್ಸು ಗಟ್ಟಿ ಮಾಡಿಕೋ.’ ಈಕೆ ಹಾಗೆ ಮಾಡಲಿಲ್ಲ. ಮಗುವಿಗೆ ‘ಇದು ನಿನ್ನ ತಪ್ಪಲ್ಲ’ ಎಂದರು. ಆಮೇಲೆ ಹೆಡ್‌ಮಾಸ್ತರರ ಕೋಣೆಗೆ ಹೋಗಿ ಹೆಸರು ಓದುವುದನ್ನು ನಿಲ್ಲಿಸಿ ಎಂದು ಪಟ್ಟು ಹಿಡಿದರು. ಶಿಕ್ಷಣ ಹಕ್ಕಿನ ಕಾಯಿದೆ ಬಂದದ್ದು 2009ರಲ್ಲಿ. ಮಗುವಿಗೆ ದೇಹದಂಡನೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ಅದರ 17ನೆಯ ಕಲಮು ನಿಷೇಧಿಸಿದೆ. ಹೆಸರು ಓದುವುದು ನಿಂತಿತು. ಫೀಜನ್ನು ಕಂತಿನಲ್ಲಿ ಕಟ್ಟಲು ಒಪ್ಪಿದರು. ತಂದೆಯನ್ನು ಕರೆಸಿದ್ದು ಇದನ್ನು ಹೇಳುವುದಕ್ಕಾಗಿ, ಟಿ.ಸಿ. ಕೊಡುವುದಕ್ಕಾಗಿ ಅಲ್ಲ!

ಮಿತ್ರರೆ, ಮಗುವನ್ನು ಶಾಲೆಗೆ ಹೊಂದಿಸುವುದು ಅರ್ಧ ಸಮಾಲೋಚನೆ. ಶಾಲೆಯನ್ನು ಮಗುವಿಗೆ ಹೊಂದಿಸುವುದು ಉಳಿದರ್ಧ. ಆ ಉಳಿದರ್ಧ ನಡೆದಲ್ಲಿ ಪಾಲಕರ ಅನುಮಾನ ತಾನಾಗಿ ಕರಗುತ್ತದೆ. ಕೂಲಿ ಕಡಿಮೆಯಾದ ಮನೆಯ ಸಂಕಟವನ್ನು ಸಮಾಲೋಚಕರು ತೀರಿಸಲಾರರು. ಅದಕ್ಕೆ ನಮ್ಮ ಸಂಘಟನೆಯೇ ಬೇಕು. ಆದರೆ ಕೂಲಿ ಹೆಚ್ಚಾಗುವವರೆಗೆ ಮಗು ಒಬ್ಬಂಟಿಯಾಗಿ ಅಳುತ್ತಿರಲಿ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ.

ಆದುದರಿಂದ ನಾವು ಶಾಲೆಯವರಲ್ಲಿ ಕೇಳಬೇಕಾದುದು ಇಷ್ಟು.

ಮೊದಲನೆಯದು, ಚೀಟಿಯಲ್ಲಿ ಕಾರಣ ಬರೆಯಿರಿ. ‘ಬಂದು ಕಾಣತಕ್ಕದ್ದು’ ಎಂಬುದು ಅಮಲ್ದಾರರ ಭಾಷೆ. ‘ನಿಮ್ಮ ಮಗು ತಪ್ಪು ಮಾಡಿಲ್ಲ, ಅದರ ಬಗ್ಗೆ ಮಾತಾಡಿಕೊಳ್ಳೋಣ, ನಿಮಗೆ ಯಾವ ಹೊತ್ತು ಅನುಕೂಲ?’ ಎಂದು ಬರೆಯಲು ಎರಡು ಸಾಲು ಸಾಕು. ಪಾಳಿಯ ಕೆಲಸದವನಿಗೆ ಸಂಜೆ, ಅಂಗಡಿಯವನಿಗೆ ಬೆಳಿಗ್ಗೆ ಸಮಯ ಕೊಡಲಿ.

ಎರಡನೆಯದು, ಮನೆಮಾತಿನಲ್ಲಿ ಮಾತಾಡಿಸುವವರಿರಲಿ. ಮಗುವನ್ನೇ ದುಭಾಷಿಯಾಗಿ ಕೂರಿಸಬಾರದು. ತನ್ನ ದುಃಖವನ್ನು ತಾನೇ ಅನುವಾದ ಮಾಡಿ ತಾಯಿಗೆ ಹೇಳು ಎನ್ನುವುದು ಕ್ರೌರ್ಯ. ಹೆಣ್ಣುಮಕ್ಕಳಿಗೆ ಹೆಣ್ಣು ಸಮಾಲೋಚಕರು ಬೇಕೆಂದು ಕೇಳಿದರೆ ಅದನ್ನು ಗೌರವಿಸಲಿ.

ಮೂರನೆಯದು, ಗುಟ್ಟು. ಮಗು ಹೇಳಿದ ಮಾತು ಸ್ಟಾಫ್ ರೂಮಿನ ಚಹಾದ ಜೊತೆ ಹಂಚಿಹೋಗಬಾರದು. ಟಿ.ಸಿ.ಯಲ್ಲಿ, ನಡತೆಯ ಪತ್ರದಲ್ಲಿ ಅದರ ಸುಳಿವೂ ಇರಬಾರದು. ಆದರೆ ಗುಟ್ಟಿಗೂ ಒಂದು ಗಡಿಯುಂಟು. ಮಗುವಿನ ಪ್ರಾಣಕ್ಕೆ ಅಪಾಯವಿದೆಯೆಂದು ಕಂಡರೆ ಮನೆಯವರಿಗೆ ತಿಳಿಸಲೇಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದ್ದರೆ 2012ರ ಪೋಕ್ಸೊ ಕಾಯಿದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಈ ಗಡಿಯನ್ನು ಮಗುವಿಗೂ ನಮಗೂ ಮೊದಲೇ ಬಿಡಿಸಿ ಹೇಳಲಿ.

ನಾಲ್ಕನೆಯದು, ಇದು ಸರಕಾರಿ ಶಾಲೆಯ ಮಗುವಿಗೆ ಪುಕ್ಕಟೆಯಾಗಿ, ಖಾಯಂ ನೌಕರಿಯ ಸಮಾಲೋಚಕರಿಂದ ಸಿಗಬೇಕು. ಇಂದು ಬಂದು ನಾಳೆ ಬಿಟ್ಟುಹೋಗುವ ಗುತ್ತಿಗೆಯವರನ್ನು ಮಗು ಹೇಗೆ ನಂಬೀತು?

ಇದನ್ನೆಲ್ಲ ಯಾರ ಮುಂದೆ ಕೇಳುವುದು? ನಮ್ಮ ಪ್ರತಿ ಸರಕಾರಿ ಶಾಲೆಯಲ್ಲಿಯೂ ಎಸ್.ಡಿ.ಎಂ.ಸಿ. ಇದೆ. ಶಿಕ್ಷಣ ಹಕ್ಕಿನ ಕಾಯಿದೆಯ ಪ್ರಕಾರ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಸಮವಸ್ತ್ರ, ಕಾಂಪೌಂಡು, ಬಿಸಿಯೂಟದ ಜೊತೆಗೆ ಈ ಮಾತನ್ನೂ ಅಲ್ಲಿ ಎತ್ತಬೇಕು, ಠರಾವು ಬರೆಸಬೇಕು, ಬಿ.ಇ.ಓ. ಕಚೇರಿಗೆ ಕಳಿಸಿ ಉತ್ತರ ಕೇಳಬೇಕು. ಖಾಸಗಿ ಶಾಲೆಯಲ್ಲಿ ಮಕ್ಕಳನ್ನು ಬಿಟ್ಟವರು ಪಾಲಕರ ಸಭೆಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪನ್ನು ನೆನಪಿಸಬೇಕು.

ಶಾಲೆಗೆ ಹೇಳಿದ್ದಾಯಿತು, ಇನ್ನು ನಮಗೆ ನಾವೇ ಹೇಳಿಕೊಳ್ಳಬೇಕಾದುದು. ಸಮಾಲೋಚನೆ ಎಂದರೆ ಹುಚ್ಚಿಗೆ ಚಿಕಿತ್ಸೆಯಲ್ಲ. ಸಮಾಲೋಚಕರು ಮಾತ್ರೆ ಕೊಡುವುದಿಲ್ಲ, ಕೊಡಲು ಅವರಿಗೆ ಅಧಿಕಾರವೂ ಇಲ್ಲ. ಅವರು ಕೇಳುತ್ತಾರೆ. ವೈದ್ಯರು ಬೇಕೆನಿಸಿದರೆ ದಾರಿ ತೋರಿಸುತ್ತಾರೆ. ಮನೋವೈದ್ಯರ ಬಳಿ ಹೋಗುವುದೂ ಅವಮಾನವಲ್ಲ. ಹಳ್ಳಿಪಟ್ಟಣಗಳ ಸಾಮಾನ್ಯ ದವಾಖಾನೆಯಲ್ಲಿಯೇ ಮನಸ್ಸಿನ ಕಾಯಿಲೆಗೂ ಔಷಧ ಕೊಡಬಹುದೆಂದು ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ನಮ್ಮದೇ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದರು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಟೆಲಿ ಮಾನಸ್ ಎಂಬ ಸೇವೆ 2022ರಲ್ಲಿ ಆರಂಭವಾಗಿದೆ. 14416ಕ್ಕೆ ಫೋನು ಮಾಡಿದರೆ ಹಗಲಿರುಳೂ, ಕನ್ನಡದಲ್ಲಿಯೂ, ದುಡ್ಡಿಲ್ಲದೆ ಮಾತಾಡುತ್ತಾರೆ. ಮಕ್ಕಳ ಸಹಾಯವಾಣಿ 1098. ಈ ಎರಡು ಸಂಖ್ಯೆಗಳನ್ನು ಗಿರಣಿಯ ಗೇಟಿನಲ್ಲಿ, ಅಂಗಡಿಯ ತೂಕದ ಪೆಟ್ಟಿಗೆಯ ಪಕ್ಕದಲ್ಲಿ ಬರೆದು ಅಂಟಿಸಿರಿ. ಖರ್ಚು ಒಂದು ಚೂರು ಕಾಗದ, ಒಂದಿಷ್ಟು ಅಂಟು.

ಮತ್ತೆ, ಚೀಟಿ ಬಂದರೆ ಹೋಗಿ. ಒಬ್ಬರೇ ಹೋಗಲು ಅಂಜಿಕೆಯಾದರೆ ಪಕ್ಕದ ಮನೆಯವರನ್ನು ಕರೆದುಕೊಂಡು ಹೋಗಿ, ನಮ್ಮ ಸಂಘದವರನ್ನು ಕರೆಯಿರಿ. ಕೂರಲು ಹೇಳಿದರೆ ಕುಳಿತುಕೊಳ್ಳಿ. ಆ ಕುರ್ಚಿ ನಿಮ್ಮದು. ಏನು ಬರೆದುಕೊಳ್ಳುತ್ತಿದ್ದೀರಿ ಎಂದು ಕೇಳಿ. ತಿಳಿಯದಿದ್ದರೆ ತಿಳಿಯಲಿಲ್ಲ ಎಂದು ಹೇಳಿ. ಲಂಡನ್ನಿನ ತಾಯ್ತಂದೆಯರು ಮೋಸ ಹೋದದ್ದು ನಂಬಿದ್ದರಿಂದಲ್ಲ, ಕೇಳಲು ಯಾರ ಬೆಂಬಲವೂ ಇಲ್ಲದ್ದರಿಂದ. ಬೆಂಬಲ ಕಟ್ಟಿಕೊಂಡ ಮೇಲೆ ಅವರು ಶಾಲೆಯನ್ನೇ ನಡೆಸಿದರು. ಅನುಮಾನವನ್ನು ಮನೆಯಲ್ಲಿಟ್ಟುಕೊಂಡು ಕುಳಿತರೆ ಅದರ ದಂಡ ತೆರುವುದು ಮಗು. ಅದೇ ಅನುಮಾನವನ್ನು ಶಾಲೆಗೆ ಒಯ್ದು ಪ್ರಶ್ನೆಯಾಗಿ ಕೇಳಿದರೆ ಸರಿಯಾಗಬೇಕಾದುದು ಶಾಲೆ.

ನಮ್ಮ ಜೇಬಿನಲ್ಲಿ ಉಳಿದ ಆ ಚೀಟಿ ಒಗೆಯುವಾಗ ನೀರಿನಲ್ಲಿ ಕರಗಿಹೋಯಿತು. ನಿಮ್ಮ ಜೇಬಿನಲ್ಲಿ ಅಂಥದೊಂದು ಇದ್ದರೆ, ನಾಳೆ ಸೋಮವಾರ, ಶಾಲೆ ತೆರೆದಿರುತ್ತದೆ.